ಐವಿಸಿ ರ್ಯಾಕ್: ಫಿಲ್ಟರ್ ಚೆನ್ನ, ಗ್ಯಾಸ್ಕೆಟ್ ಸಾಲದು

ತುಮಕೂರಿನ ಫಾರ್ಮಸಿ ಕಾಲೇಜೊಂದರ ಅನಿಮಲ್ ಹೌಸ್‌ನಲ್ಲಿರುವ, ಪ್ರತಿ ಕೇಜಿಗೂ ಬೇರೆಯಾಗಿ ಗಾಳಿ ಕೊಡುವ (ಐವಿಸಿ) ರ್ಯಾಕ್ ಇದು. ನಿರೋಧಕಶಕ್ತಿ ಇಲ್ಲದ ನ್ಯೂಡ್, ಸ್ಕಿಡ್ ತಳಿಯ ಇಲಿಗಳನ್ನು ಸಾಕುವವರಿಗೆ ಮುಖ್ಯ ಪ್ರಶ್ನೆ: ಶ್ವಾಸಕೋಶಕ್ಕೆ ತಗಲುವ ನ್ಯುಮೋಸಿಸ್ಟಿಸ್ ಮ್ಯೂರಿನಾ ಶಿಲೀಂಧ್ರ ಕೇಜಿಂದ ಕೇಜಿಗೆ ದಾಟದಂತೆ ಇದು ತಡೆಯುತ್ತದೆಯೇ?

ಈ ಶಿಲೀಂಧ್ರ ಹರಡುವುದು ಗಾಳಿಯಲ್ಲಿ. ಶ್ವಾಸಕೋಶದಲ್ಲಿ ಅದಕ್ಕೆ ಎರಡು ರೂಪ, ದಾಟುವುದು ಗಟ್ಟಿ ಕವಚದ ಸಿಸ್ಟ್ ರೂಪ. ಪ್ರಯೋಗದಲ್ಲಿ, ಎಕೈನೋಕ್ಯಾಂಡಿನ್ ಎಂಬ ಶಿಲೀಂಧ್ರನಾಶಕ ಔಷಧ ಕೊಟ್ಟು ಸಿಸ್ಟ್ ಅಳಿಸಿದ ಇಲಿಗಳಿಂದ ಸೋಂಕು ಬೇರೆ ಇಲಿಗೆ ಹೋಗಲಿಲ್ಲ, ಇನ್ನೊಂದು ರೂಪ ಉಳಿದಿದ್ದರೂ. ಮೋಸ ಹೋಗುವುದು ಗಟ್ಟಿಮುಟ್ಟಾದ ಇಲಿಯಿಂದ. ಅದು ಕೆಲವು ವಾರಗಳಲ್ಲಿ ತಾನಾಗಿ ಗುಣವಾಗುತ್ತದೆ, ಲಕ್ಷಣವೇ ಕಾಣುವುದಿಲ್ಲ. ಅಷ್ಟರಲ್ಲಿ ಪಕ್ಕದ ಸ್ಕಿಡ್ ಇಲಿಗೆ ಅಂಟಿಸಿರಬಹುದು. ಆ ಇಲಿಯೋ ತೂಕ ಇಳಿದು, ಬೆನ್ನು ಗೂನಾಗಿ, ಉಸಿರು ಏದುತ್ತ ಕೂರುತ್ತದೆ.

ರ್ಯಾಕಿನ ಹೆಪಾ ಫಿಲ್ಟರ್ 0.3 ಮೈಕ್ರಾನ್ ಕಣವನ್ನು ಶೇ. 99.97ರಷ್ಟು ಹಿಡಿಯುವ ದರ್ಜೆಯದು; ಅದರಲ್ಲಿ ತಕರಾರಿಲ್ಲ. ಕೊರತೆ ಮುಚ್ಚಳದಲ್ಲಿ. 121 ಡಿಗ್ರಿ ಆಟೋಕ್ಲೇವ್‌ಗೆ ಮತ್ತೆ ಮತ್ತೆ ಹೋದ ಸಿಲಿಕೋನ್ ಗ್ಯಾಸ್ಕೆಟ್ ಮೂಲೆಯಲ್ಲಿ ಬಿರುಸಾಗಿ ಎದ್ದು ನಿಲ್ಲುತ್ತದೆ. ತೆಳು ಟಿಶ್ಯೂ ಕಾಗದದ ಚೂರನ್ನು ಅಂಚಿಗೆ ಹಿಡಿದು ನೋಡಿ: ಪಾಸಿಟಿವ್ ಒತ್ತಡದಲ್ಲಿ (ಕೇಜಿನೊಳಗಿನ ಒತ್ತಡ ಕೋಣೆಗಿಂತ ಹೆಚ್ಚಿರುವಾಗ) ಅದು ಹೊರಕ್ಕೆ ಅಲುಗಿದರೆ ಆ ಕೇಜಿನ ಗಾಳಿ ಕೋಣೆಗೆ ಬರುತ್ತಿದೆ. ಹಾಗಾಗಿ ಹೊಸದಾಗಿ ಬಂದ ಇಲಿಗಳನ್ನು ಕೇಜಿನೊಳಗೆ ಒತ್ತಡ ಕಡಿಮೆಯಿರುವ ನೆಗೆಟಿವ್ ಮೋಡ್‌ನಲ್ಲೇ ಇಡಬೇಕು. ಸ್ವಿಚ್ ತಿರುಗಿಸಿದರೆ ಸಾಕು ಮೋಡ್ ಬದಲಾಗುತ್ತದೆ. ಈ ರ್ಯಾಕಿನಲ್ಲಿ ನಮಗೆ ಅತಿ ಮೆಚ್ಚುಗೆಯಾದದ್ದು ಇದೇ.

ಬತ್ತದ ಹೊಟ್ಟಿನ ಬೆಡ್ಡಿಂಗ್ ಹಾಕುವವರಿಗೆ ಒಂದು ಮಾತು: ಅದರ ದೂಳು ಪ್ರೀ-ಫಿಲ್ಟರ್‌ಗೆ ಬೇಗ ಮೆತ್ತಿಕೊಂಡು ಗಾಳಿಯ ಹರಿವು ಕುಗ್ಗುತ್ತದೆ. ಕರೆಂಟ್ ಹೋದರೆ ಬ್ಲೋಯರ್ ನಿಲ್ಲುತ್ತದೆ, ಕೇಜಿನೊಳಗೆ ಇಂಗಾಲದ ಡೈಆಕ್ಸೈಡ್, ಅಮೋನಿಯಾ ಏರುತ್ತವೆ. ರ್ಯಾಕಿನ ಜೊತೆ ಯುಪಿಎಸ್ ಕೊಡುವುದಿಲ್ಲ, ಬೇರೆ ಕೊಳ್ಳಬೇಕು. ತುಮಕೂರಿನ ಬೇಸಿಗೆಯಲ್ಲಿ ಅದಿಲ್ಲದೆ ಈ ರ್ಯಾಕ್ ತರಲೇಬಾರದು.

ಕೇಜ್ ತೆರೆಯುವುದು ಫಿಲ್ಟರ್ ಗಾಳಿಯ ಹುಡ್‌ನ ಒಳಗೆ ಮಾತ್ರ. ಮೊದಲು ನಿರೋಧಕಶಕ್ತಿ ಇಲ್ಲದ ಇಲಿಗಳು, ಕ್ವಾರಂಟೈನ್‌ನಲ್ಲಿರುವ ಇಲಿಗಳು ಕೊನೆಗೆ, ಪ್ರತಿ ಕೇಜಿಗೂ ಗ್ಲೌಸ್ ಒರೆಸಿ. ಬೇರೆ ಕೇಜುಗಳ ಹಳೆ ಬೆಡ್ಡಿಂಗ್ ಮೇಲೆ ಸೆಂಟಿನೆಲ್ (ಸೋಂಕು ಪತ್ತೆಗೆಂದೇ ಇಡುವ) ಇಲಿ ಇಟ್ಟು ನೆಮ್ಮದಿಯಾಗಿರಬೇಡಿ, ಗಾಳಿಯ ಸೋಂಕು ಅದರಲ್ಲಿ ತಪ್ಪಿಹೋಗಬಹುದು. ಶ್ವಾಸಕೋಶದ ಪಿಸಿಆರ್ ಮಾಡಿಸಿ. ಈ ಶಿಲೀಂಧ್ರವನ್ನು ಮಾಮೂಲಿ ಕಲ್ಚರ್‌ನಲ್ಲಿ ಬೆಳೆಸಲಾಗದು, ಕಲ್ಚರ್ ವರದಿ ನೆಗೆಟಿವ್ ಬಂತೆಂದರೆ ಅದಕ್ಕೆ ಅರ್ಥವಿಲ್ಲ.

5ಕ್ಕೆ 3.5. ಗ್ಯಾಸ್ಕೆಟ್ ಸೆಟ್ ಒಂದನ್ನು ಹೆಚ್ಚಿಗೆ ಆರ್ಡರ್ ಮಾಡಿಕೊಳ್ಳಿ.