ಇಂಕ್ ಪೆನ್ನೋ, ಬಾಲ್ ಪೆನ್ನೋ?

ದಿನವೂ ಪುಟಗಟ್ಟಲೆ ಬರೆಯುವವರಾದರೆ ಇಂಕ್ ಪೆನ್ನನ್ನೇ ಕೊಳ್ಳಿ. ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ ಉಪಾಯ ಇಂದಿಗೂ ಅದರ ಜೀವಾಳ. ನಿಬ್ಬಿನ ಅಡಿಯ ತುಂಡಿನಲ್ಲಿ ಕೂದಲೆಳೆಯಂಥ ಸೀಳುಗಳಿವೆ. ಶಾಯಿ ಅವುಗಳಗುಂಟ ತಾನಾಗಿ ಕೆಳಗಿಳಿಯುತ್ತದೆ, ಖಾಲಿಯಾದ ಜಾಗಕ್ಕೆ ಗಾಳಿ ಮೇಲೇರುತ್ತದೆ. ಹಾಗಾಗಿ ಒತ್ತಿ ಬರೆಯಬೇಕಾಗಿಲ್ಲ, ಬೆರಳು ಬೇಗ ಸೋಲುವುದಿಲ್ಲ. ‘ಕ್ಷ’, ‘ಜ್ಞ’ಗಳ ತಿರುವುಗಳಲ್ಲಿ ಒಳ್ಳೆಯ ನಿಬ್ಬು ಜಾರುವ ಸುಖವೇ ಬೇರೆ! ಆದರೆ ಆಗಾಗ ತೊಳೆಯಬೇಕು, ಶಾಯಿ ತುಂಬಿಸಬೇಕು. ತೆಳು ಕಾಗದದಲ್ಲಿ ಅಕ್ಷರ ಹಿಂಬದಿಗೂ ಇಳಿಯುತ್ತದೆ.

ಬಾಲ್ ಪೆನ್ನಿನ ಮೊದಲ ಪೇಟೆಂಟ್ 1888ರದು. ಅಮೆರಿಕದ ಜಾನ್ ಲೌಡ್ ಅದನ್ನು ರೂಪಿಸಿದ್ದು ಚರ್ಮದಂಥ ಒರಟು ವಸ್ತುಗಳ ಮೇಲೆ ಗುರುತು ಹಾಕಲು. ನಯವಾದ ಬರವಣಿಗೆಗೆ ಅದು ಒಗ್ಗಲಿಲ್ಲ. ಹಂಗೇರಿಯ ಲಾಸ್ಲೊ ಬಿರೊ 1938ರಲ್ಲಿ ಬೇಗ ಒಣಗುವ ಮಂದ ಶಾಯಿ ಬಳಸಿ ಆ ಗುಂಡನ್ನು ಕಾಗದಕ್ಕೆ ಪಳಗಿಸಿದರು.

ಬ್ಯಾಂಕಿನ ಚಲನ್, ಕಾರ್ಬನ್ ಇಟ್ಟು ಬರೆಯುವ ರಸೀದಿ, ಮಳೆಯಲ್ಲಿ ನಿಂತು ಬರೆದುಕೊಳ್ಳುವ ವಿಳಾಸ ಇವಕ್ಕೆಲ್ಲ ಬಾಲ್ ಪೆನ್ನೇ ಸರಿ. ಎಡಗೈಯಲ್ಲಿ ಬರೆಯುವವರಿಗೂ ಅದೇ ಅನುಕೂಲ, ಏಕೆಂದರೆ ಹಸಿ ಶಾಯಿ ಅಂಗೈಗೆ ಮೆತ್ತುವುದಿಲ್ಲ.