ಹಳೇ ಎಂಎಂ 540ಗೆ ಟರ್ಬೊ ಡಿಐ ಇಂಜಿನ್: ಐದು ಮಳೆಗಾಲ ಕಳೆದ ಮೇಲೆ

ಸೋಮೇಶ್ವರದಿಂದ ಆಗುಂಬೆಗೆ ಹತ್ತುವ 14 ತಿರುವುಗಳಲ್ಲಿ ಹಳೇ ಪ್ಯೂಜೊ ಇಂಜಿನ್ನಿನ ಮಹೀಂದ್ರ ಎಂಎಂ 540 ಜೀಪಿಗೆ ಮುಕ್ಕಾಲುಪಾಲು ಕಡೆ ಫಸ್ಟ್ ಗೇರೇ ಗತಿ. ಹಿಂದೆ ನಾಲ್ಕು ಜನ, ಎರಡು ಮೂಟೆ ಗೊಬ್ಬರ ಇದ್ದರಂತೂ ತಿರುವು ಕಾಣುವ ಮುಂಚೆಯೇ ಗೇರು ಇಳಿಸಿ, ಇಂಜಿನ್ ಕಿರುಚಿಸಿಕೊಂಡೇ ಹತ್ತಬೇಕು. ಅದೇ ಜೀಪಿಗೆ ಬೊಲೆರೊದಿಂದ ಬಿಚ್ಚಿದ ಟರ್ಬೊ ಡಿಐ (ಡೀಸಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ) ಇಂಜಿನ್ ಕೂರಿಸಿ ಐದು ಮಳೆಗಾಲವಾಯಿತು. ಈಗ ಅಷ್ಟೇ ಹೊರೆಗೆ ತಿರುವಿನಲ್ಲಿ ಸೆಕೆಂಡ್ ಸಾಕು; ಸ್ಟೇರಿಂಗ್ ನೇರವಾಗುವಷ್ಟರಲ್ಲಿ ಥರ್ಡ್ ಕೇಳುತ್ತದೆ.

ಕಾಗದದ ಮೇಲೆ ನೋಡಿದರೆ ಈ ಬದಲಾವಣೆಗೆ ಅರ್ಥವೇ ಇಲ್ಲ. ಹಳೆಯ ಪ್ಯೂಜೊ, ಅಂದರೆ ಎಕ್ಸ್‌ಡಿಪಿ 4.90, ಸುಮಾರು 62 ಅಶ್ವಶಕ್ತಿಯದು; ಬೊಲೆರೊದ ಟರ್ಬೊ ಡಿಐ, ಅಂದರೆ ಎಂಡಿಐ 3200 ಟಿಸಿ, 63. ಒಂದೇ ಒಂದು ಹೆಚ್ಚು. ವ್ಯತ್ಯಾಸ ಇರುವುದು ಆ ಶಕ್ತಿ ಎಲ್ಲಿ ಸಿಗುತ್ತದೆ ಎಂಬುದರಲ್ಲಿ. ಪ್ಯೂಜೊದ್ದು 90 ಮಿ.ಮೀ. ಬೋರ್, 83 ಮಿ.ಮೀ. ಸ್ಟ್ರೋಕ್, 2112 ಸಿಸಿ. ಎಂಡಿಐಯದು 88.9 ಬೋರ್, 101.6 ಸ್ಟ್ರೋಕ್, 2523 ಸಿಸಿ. ಇಂಟರ್‌ನ್ಯಾಷನಲ್ ಟ್ರಾಕ್ಟರಿನ ವಂಶದ ಉದ್ದ ಸ್ಟ್ರೋಕು. ಅದರ ಮೇಲೆ, ಹೊಗೆಯ ಬಲದಿಂದ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಬಂದು 1500 ಆರ್‌ಪಿಎಂ ಹೊತ್ತಿಗೇ 180 ನ್ಯೂಟನ್ ಮೀಟರ್ ಆಸುಪಾಸಿನ ಟಾರ್ಕ್ ಕೈಗೆ ಸಿಗುತ್ತದೆ. ಕೆಸರಿನಲ್ಲಿ ಆಕ್ಸಿಲರೇಟರ್ ಒತ್ತದೆ, ಕ್ಲಚ್ ಬಿಟ್ಟಷ್ಟಕ್ಕೇ ಜೀಪು ತೆವಳಿಕೊಂಡು ಹೋಗುವುದು ಇದರಿಂದಲೇ.

ಇಂಜಿನ್ ಹುಡುಕುವ ಮೊದಲು ಹಿಂದಿನ ಆಕ್ಸಲ್ಲಿನೊಳಗಿನ ಕ್ರೌನ್, ಪಿನಿಯನ್ ಎಂಬ ಎರಡು ಗೇರುಗಳ ಹಲ್ಲು ಎಣಿಸಿ. ಇದನ್ನು ಹೆಚ್ಚಿನವರು ಮಾಡುವುದಿಲ್ಲ, ಆಮೇಲೆ ಇಂಜಿನ್ ಸರಿಯಿಲ್ಲ ಎನ್ನುತ್ತಾರೆ. ಎಂಡಿಐ ಇಂಜಿನ್ 3200 ಆರ್‌ಪಿಎಂಗೇ ತನ್ನ ಶಕ್ತಿ ಮುಗಿಸುತ್ತದೆ. ಇನ್ನೂ ಮೇಲಕ್ಕೆ ತಿರುಗುವ ಇಂಜಿನ್ನಿಗೆಂದು ಇಟ್ಟ ಗೇರಿಂಗ್ ಇದಕ್ಕೆ ಗಿಡ್ಡವಾಗುತ್ತದೆ. 215/75 ಆರ್15 ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಉರುಳುತ್ತದೆ. ಟಾಪ್ ಗೇರು ನೇರ ಒಂದಕ್ಕೊಂದು ಎಂದಿಟ್ಟುಕೊಂಡರೆ, 2500 ಆರ್‌ಪಿಎಂನಲ್ಲಿ 43/8ರ ಕ್ರೌನ್ ಪಿನಿಯನ್, ಅಂದರೆ 5.38, ಗಂಟೆಗೆ 61 ಕಿ.ಮೀ. ಕೊಡುತ್ತದೆ. 39/8, ಅಂದರೆ 4.88, 68 ಕಿ.ಮೀ. 41/11ರ 3.73 ಆದರೆ 88. ನಮ್ಮದು ಘಾಟಿ, ತೋಟದ ದಾರಿ, ವಾರಕ್ಕೊಮ್ಮೆ ಸಂತೆ. 50–60ರ ಮೇಲೆ ಓಡಿಸುವ ಅಭ್ಯಾಸವಿಲ್ಲ. ಹಾಗಾಗಿ 4.88 ಹೇಳಿ ಮಾಡಿಸಿದಂತಿದೆ. ವಾರವಾರ ಬೆಂಗಳೂರಿಗೆ ಹೋಗುವವರಿಗೆ 3.73 ಬೇಕೆನಿಸುತ್ತದೆ, ಆದರೆ ಆಗ ಕೆಸರಿನ ಏರಿನಲ್ಲಿ ಫಸ್ಟ್ ಗೇರು ಉದ್ದವಾಗಿ ಕ್ಲಚ್ ಸುಡುತ್ತದೆ. ಯಾವುದನ್ನು ಹಾಕಿದರೂ ಮುಂದಿನ, ಹಿಂದಿನ ಆಕ್ಸಲ್ಲಿನ ಅನುಪಾತ ಒಂದೇ ಇರಬೇಕು. ಇಲ್ಲವಾದರೆ ಫೋರ್ ವೀಲ್ ಹಾಕಿದ ದಿನವೇ ಎರಡೂ ಆಕ್ಸಲ್ಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ.

ಕೂರಿಸುವ ಕೆಲಸದಲ್ಲಿ ಭಯಪಡುವಂಥದ್ದು ಕಡಿಮೆ. ಡಿಐ ಇಂಜಿನ್ನಿನೊಂದಿಗೇ ಬಂದ ಜೀಪುಗಳು ಇರುವುದರಿಂದ ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗ್, ಮೌಂಟು ಎಲ್ಲ ಹಳೇ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಇಡೀ ಇಂಜಿನ್ ಎರಕದ ಕಬ್ಬಿಣ. ಎತ್ತಲು 2 ಟನ್ನಿನ ಚೈನ್ ಪುಲ್ಲಿ ಇಟ್ಟುಕೊಳ್ಳಿ, ಶೆಡ್ಡಿನ ಮರದ ತೊಲೆಗೆ ಕಟ್ಟಬೇಡಿ. ಕ್ಲಚ್ ಪ್ಲೇಟಿನ ಅಳತೆ ಫ್ಲೈವೀಲಿಗೆ ಹೊಂದಬೇಕು, ಅದರ ಸ್ಪ್ಲೈನ್ ಗೇರ್ ಬಾಕ್ಸಿನ ಶಾಫ್ಟಿಗೆ ಹೊಂದಬೇಕು. ಬೆಲ್ ಹೌಸಿಂಗನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಡವಲ್ ಪಿನ್‌ಗಳನ್ನು ಬಿಡಲೇಬೇಡಿ. ಬರೀ ಬೋಲ್ಟಿನ ಮೇಲೆ ಕೂರಿಸಿದರೆ ಗೇರ್ ಬಾಕ್ಸ್ ಕೂದಲೆಳೆಯಷ್ಟು ಪಕ್ಕಕ್ಕೆ ಕೂರುತ್ತದೆ, ಕೆಲವೇ ಸಾವಿರ ಕಿಲೋಮೀಟರಿಗೆ ಪೈಲಟ್ ಬೇರಿಂಗ್ ತಿನ್ನುತ್ತದೆ, ಆಮೇಲೆ ಗೇರು ತಾನಾಗಿ ಹಾರುತ್ತದೆ. ಫ್ಲೈವೀಲಿಗೆ ಡಯಲ್ ಗೇಜ್ ಕಟ್ಟಿ ಒಂದು ಸುತ್ತು ತಿರುಗಿಸಿ. ಹೌಸಿಂಗಿನ ರಂಧ್ರದ ಸುತ್ತ ಗೇಜಿನ ಮುಳ್ಳಿನ ಏರಿಳಿತ 0.15 ಮಿ.ಮೀ. ಒಳಗೆ ಇದ್ದರೆ ಸಾಕು. ಸೈಲೆನ್ಸರ್ ಪೈಪಿನ ಮೊದಲ ಬ್ರಾಕೆಟ್ ಗೇರ್ ಬಾಕ್ಸಿಗಿರಲಿ, ಚಾಸಿಗೆ ಬೇಡ. ಚಾಸಿಗೆ ಕಟ್ಟಿದರೆ ಇಂಜಿನ್ ಅಲುಗಿದಾಗಲೆಲ್ಲ ಭಾರ ಮ್ಯಾನಿಫೋಲ್ಡಿನ ಸ್ಟಡ್ಡುಗಳ ಮೇಲೆ ಬಿದ್ದು ಒಂದೊಂದಾಗಿ ಮುರಿಯುತ್ತವೆ.

ಇನ್ನು ಸಿಟ್ಟಿನ ವಿಷಯ. ಮೊದಲ ವರ್ಷವಿಡೀ ಈ ಇಂಜಿನ್ ನೀಲಿ ಹೊಗೆ ಬಿಟ್ಟಿತು. ಓಡುವಾಗ ಏನೂ ಇಲ್ಲ. ಗೇಟಿನ ಮುಂದೆ ಎರಡು ನಿಮಿಷ ನಿಂತರೆ ಹಿಂದೆಲ್ಲ ಹೊಗೆ. ಘಾಟಿ ಇಳಿದು ಕೊನೆಯಲ್ಲಿ ಆಕ್ಸಿಲರೇಟರ್ ಮುಟ್ಟಿದರೆ ಇನ್ನೊಂದು ದಟ್ಟ ಮೋಡ. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಆಯಿಲ್ ಮಾಯ. ತೋರಿಸಿದ ಕಡೆಯೆಲ್ಲ ಒಂದೇ ಮಾತು: ಟರ್ಬೊ ಸೀಲ್ ಹೋಗಿದೆ, ಶಾಫ್ಟು ಬೇರಿಂಗು ಇರುವ ಒಳಗಿನ ಕೋರ್ ಬದಲಿಸಿ. ಬದಲಿಸಿದ್ದಾಯಿತು. ಎಂಟೇ ದಿನಕ್ಕೆ ಮತ್ತೆ ಅದೇ ಹೊಗೆ. ಎರಡನೇ ಕೋರ್‌ಗೂ ಅದೇ ಗತಿ. ಎರಡು ಒಳ್ಳೆಯ ಕೋರ್‌ಗಳ ಹಣ ಸುಮ್ಮನೆ ಹೋದದ್ದು ಅರ್ಧ ಅಡಿಯ ಒಂದು ಪೈಪಿನ ದೆಸೆಯಿಂದ.

ಟರ್ಬೊದಲ್ಲಿ ನಾವು ತಿಳಿದಿರುವಂಥ ರಬ್ಬರಿನ ಸೀಲ್ ಇರುವುದಿಲ್ಲ. ಶಾಫ್ಟಿನ ಎರಡು ತುದಿಗೂ ಪಿಸ್ಟನ್ ರಿಂಗಿನಂಥ ಸಣ್ಣ ಉಂಗುರಗಳಿರುತ್ತವೆ, ಅಷ್ಟೇ. ಒಳಗೆ ಆಯಿಲ್ ನಿಲ್ಲದೆ ಕೆಳಗೆ ಇಳಿದು ಹೋಗುತ್ತಿದ್ದರೆ ಮಾತ್ರ ಅವು ಕೆಲಸ ಮಾಡುತ್ತವೆ. ಮೇಲಿನ ಸಪೂರ ಪೈಪಿನಿಂದ ಆಯಿಲ್ ಒತ್ತಡದಲ್ಲಿ ನುಗ್ಗುತ್ತದೆ, ಬೇರಿಂಗ್ ದಾಟಿ ಕೆಳಗೆ ಬರುವಾಗ ಒತ್ತಡ ಪೂರಾ ಇಳಿದು ನೊರೆಯಾಗಿರುತ್ತದೆ. ಆಗತಾನೇ ಕರೆದ ಹಾಲಿನ ಮೇಲಿನ ನೊರೆ ಲೋಟದಿಂದ ಹೇಗೆ ನಿಧಾನಕ್ಕೆ ಜಾರುತ್ತದೋ ಹಾಗೆ, ತನ್ನ ಭಾರದಿಂದಲೇ ಅದು ಡ್ರೇನ್ ಪೈಪಿನಲ್ಲಿ ಇಂಜಿನ್ನಿನ ಕೆಳಭಾಗದ ಕ್ರ್ಯಾಂಕ್ ಕೇಸಿಗೆ ಇಳಿಯಬೇಕು. ಎಲ್ಲಾದರೂ ಒಂದು ಕಡೆ ಪೈಪು ಅಡ್ಡ ಮಲಗಿದರೆ, ಸ್ವಲ್ಪ ಮೇಲಕ್ಕೆ ಬಾಗಿದರೆ, ಹೋಸು ಮಡಿಸಿ ಬಾಯಿ ಚಿಕ್ಕದಾದರೆ, ನೊರೆ ಅಲ್ಲೇ ಕಟ್ಟಿಕೊಳ್ಳುತ್ತದೆ. ಆಮೇಲೆ ಹೋಗಲು ಇರುವ ದಾರಿ ಆ ಉಂಗುರಗಳ ಸಂದಿ ಒಂದೇ. ಐಡಲ್‌ನಲ್ಲಿ ಟರ್ಬೊದ ಎರಡೂ ಕಡೆ ಗಾಳಿಯ ಒತ್ತಡ ಇಲ್ಲದ್ದರಿಂದ ತಡೆಯುವವರಿಲ್ಲ; ಹೊಗೆ ನಿಂತಾಗಲೇ ಬರುವುದು ಅದಕ್ಕೆ.

ಬೊಲೆರೊದಲ್ಲಿ ಈ ಡ್ರೇನ್ ಪೈಪು ಸರಿಯಾಗಿಯೇ ಇಳಿಯುತ್ತದೆ. ಜೀಪಿನಲ್ಲಿ ಮೌಂಟಿನ ಬ್ರಾಕೆಟ್ ಜಾಗ ಬದಲಾಗಿ ಪೈಪಿಗೆ ಅಡ್ಡ ಬಂತು. ಫಿಟ್ಟರ್ ಮೂಲ ಪೈಪು ಕತ್ತರಿಸಿ ಬ್ರಾಕೆಟ್ಟಿನ ಮೇಲಿಂದ ರೇಡಿಯೇಟರ್ ಹೋಸಿನ ತುಂಡೊಂದನ್ನು ಸುತ್ತಿಸಿಬಿಟ್ಟಿದ್ದ. ಬಿಚ್ಚಿ ನೋಡಿದಾಗ ನಡುವೆ ಹೆಬ್ಬೆರಳಿನಷ್ಟು ಗುಳಿ, ಅದರಲ್ಲಿ ಕರಿ ಆಯಿಲ್ ನಿಂತಿತ್ತು. ರೇಡಿಯೇಟರ್ ಹೋಸು ಬಿಸಿ ಆಯಿಲ್ಲಿಗೆ ಊದಿಕೊಂಡು ಒಳಪದರ ಕಿತ್ತು ಬಂದಿತ್ತು. ಮಾಮೂಲಿ ಸಿಲಿಕೋನ್ ಹೋಸೂ ಇಲ್ಲಿ ಆಗದು, ಅದರ ಮೈಯಿಂದಲೇ ಆಯಿಲ್ ಜಿನುಗುತ್ತದೆ.

ಸರಿಪಡಿಸಿದ್ದು ಹೀಗೆ. ಮೌಂಟಿನ ಬ್ರಾಕೆಟ್ಟನ್ನೇ ಕೊರೆದು ದಾರಿ ಮಾಡಿ, 19 ಮಿ.ಮೀ. ಒಳವ್ಯಾಸದ ಸ್ಟೀಲ್ ಪೈಪನ್ನು ಲೇತ್‌ನವರ ಹತ್ತಿರ ಫ್ಲ್ಯಾಂಜಿಗೆ ಬ್ರೇಜ್ ಮಾಡಿಸಿ, ನೇರ ಕೆಳಕ್ಕೆ ಇಳಿಸಿದೆವು. ಕೆಳತುದಿಯಲ್ಲಿ ಮಾತ್ರ ನಾಲ್ಕು ಬೆರಳಗಲದ ಆಯಿಲ್ ಹೋಸು, ಅಲುಗಾಟಕ್ಕೆಂದು. ಪೈಪು ಕ್ರ್ಯಾಂಕ್ ಕೇಸನ್ನು ಸೇರುವ ಜಾಗ ಸಂಪಿನ ಆಯಿಲ್ ಮಟ್ಟಕ್ಕಿಂತ ಮೇಲಿರಬೇಕು; ಜೀಪು ಏರಿನಲ್ಲಿ ಓರೆಯಾದಾಗಲೂ ಮುಳುಗಬಾರದು. ಟರ್ಬೊವನ್ನು ತಿರುಗಿಸಿ ಕೂರಿಸುವುದಾದರೆ ಡ್ರೇನಿನ ಬಾಯಿ ನೆಟ್ಟಗೆ ಕೆಳಮುಖವಾಗಿರಲಿ, ಎಷ್ಟೇ ಅನಿವಾರ್ಯವಾದರೂ 35 ಡಿಗ್ರಿಗಿಂತ ಓರೆ ಬೇಡ. ಫ್ಲ್ಯಾಂಜಿಗೆ ಗ್ಯಾಸ್ಕೆಟ್ ಮಾತ್ರ. ಟ್ಯೂಬಿನ ಸೀಲೆಂಟ್ ಹಚ್ಚಿದರೆ ಅದು ಒಳಗೆ ಹಿಂಡಿ ತೂತು ಮುಚ್ಚುತ್ತದೆ.

ಹೊಗೆ ಕಂಡ ತಕ್ಷಣ ಕೋರ್ ಕೊಳ್ಳುವ ಮುಂಚೆ ಇನ್ನೊಂದು ಪರೀಕ್ಷೆ ಮಾಡಿ. ಎರಡು ಮೀಟರ್ ಪಾರದರ್ಶಕ ಪೈಪಿನಲ್ಲಿ ಬಣ್ಣದ ನೀರು ಹಾಕಿ ಯು ಆಕಾರದಲ್ಲಿ ಹಿಡಿದು, ಒಂದು ತುದಿಯನ್ನು ಡಿಪ್‌ಸ್ಟಿಕ್ಕಿನ ಕೊಳವೆಗೆ ಬಿಗಿಯಾಗಿ ಸಿಕ್ಕಿಸಿ, ಇಂಜಿನ್ ಓಡಿಸಿ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ ಅಂಗೈ ಅಗಲ ದಾಟಿದರೆ ಕ್ರ್ಯಾಂಕ್ ಕೇಸಿನಲ್ಲಿ ಒತ್ತಡ ಕಟ್ಟಿದೆ ಎಂದರ್ಥ: ಆ ಒತ್ತಡ ಹೊರಬಿಡುವ ಬ್ರೀದರ್ ಕಟ್ಟಿದೆ, ಇಲ್ಲವೇ ಪಿಸ್ಟನ್ ರಿಂಗು ಸವೆದಿದೆ. ಆ ಒತ್ತಡವೂ ಡ್ರೇನನ್ನು ಕೆಳಗಿನಿಂದ ತಡೆಯುತ್ತದೆ. ಬ್ರೀದರ್ ಪೈಪು ಟರ್ಬೊಗಿಂತ ಮುಂಚಿನ ಏರ್ ಫಿಲ್ಟರ್ ಪೈಪಿಗೆ ಸೇರಬೇಕು, ಟರ್ಬೊ ಆದಮೇಲಿನ ಪೈಪಿಗೆ ಎಂದಿಗೂ ಅಲ್ಲ.

ಈ ದೋಷವನ್ನು ಸಣ್ಣದೆಂದು ಬಿಡಬೇಡಿ. ಇಂಟೇಕ್ ಪೈಪಿನಲ್ಲಿ ಕೂಡಿದ ಆಯಿಲ್ಲನ್ನು ಡೀಸಲ್ ಇಂಜಿನ್ ಕುಡಿಯತೊಡಗಿದರೆ ಕೀ ತೆಗೆದರೂ, ಸ್ಟಾಪ್ ಕೇಬಲ್ ಎಳೆದರೂ ನಿಲ್ಲುವುದಿಲ್ಲ, ವೇಗ ಏರುತ್ತಲೇ ಹೋಗುತ್ತದೆ. ಆಗ ಬ್ರೇಕ್ ಒತ್ತಿ ಹಿಡಿದು, ಟಾಪ್ ಗೇರು ಹಾಕಿ ಕ್ಲಚ್ ಬಿಟ್ಟು ಕೊಲ್ಲಬೇಕು. ಇಲ್ಲವೇ ಗಾಳಿ ಎಳೆಯುವ ಬಾಯಿಗೆ ಹಲಗೆ ಒತ್ತಬೇಕು. ಕೈ ಅಡ್ಡ ಹಿಡಿಯಬಾರದು. ಮೊದಲ ಸ್ಟಾರ್ಟಿನ ದಿನ ಒಂದು ಹಲಗೆಯನ್ನು ಬಾನೆಟ್ಟಿನ ಪಕ್ಕ ಇಟ್ಟುಕೊಂಡೇ ಕೀ ತಿರುಗಿಸಿ. ಅದೇ ದಿನ, ಸ್ಟಾರ್ಟಿಗೂ ಮುಂಚೆ, ಟರ್ಬೊದ ಮೇಲಿನ ಪೈಪು ಬಿಚ್ಚಿ 10–20 ಮಿ.ಲೀ. ಇಂಜಿನ್ ಆಯಿಲ್ ಸಿರಿಂಜಿನಲ್ಲಿ ಬಿಟ್ಟು, ಪೈಪು ಮತ್ತೆ ಕಟ್ಟಿ, ಸ್ಟಾಪ್ ಕೇಬಲ್ ಎಳೆದಿಟ್ಟು, ಆಯಿಲ್ ಪ್ರೆಷರ್ ದೀಪ ಆರುವವರೆಗೆ ಬರೀ ಕ್ರ್ಯಾಂಕ್ ಮಾಡಿ.

ಪೈಪು ಸರಿಹೋದ ಮೇಲೆ ಈ ಇಂಜಿನ್ನಿನ ಮೇಲೆ ಮತ್ತೆ ಪ್ರೀತಿ ಬಂತು. ಪ್ಯೂಜೊಗೆ ಚಳಿಗಾಲದ ಬೆಳಗ್ಗೆ ಹೀಟರ್ ಪ್ಲಗ್ ಕಾಯಿಸಬೇಕಿತ್ತು, ನಾಲ್ಕರಲ್ಲಿ ಒಂದು ಸತ್ತಿದ್ದರೆ ಬಿಳಿ ಹೊಗೆಯೊಂದಿಗೆ ಕುಂಟುತ್ತಿತ್ತು. ಡಿಐಗೆ ಆ ಕಾಯುವಿಕೆ ಇಲ್ಲ. ಡಿಪ್‌ಸ್ಟಿಕ್ ಎಳೆದು ಬಟ್ಟೆಗೆ ಒರೆಸಿ, ಮತ್ತೆ ಇಳಿಸಿ ನೋಡಿ, ಕೀ ತಿರುಗಿಸಿದರೆ ಎರಡನೇ ಸುತ್ತಿಗೇ ಟಕಟಕ ಶುರು. ಅರ್ಧ ನಿಮಿಷ ಆಕ್ಸಿಲರೇಟರ್ ಮುಟ್ಟಬಾರದು, ಅಷ್ಟೇ ನೇಮ. ಇನ್ನೂ ಇಷ್ಟವಾಗುವುದು ಸಂಜೆಯದು. ಘಾಟಿ ಹತ್ತಿ ಮನೆಗೆ ಬಂದು ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು, ಸ್ಟಾಪ್ ಕೇಬಲ್ ಎಳೆದು, ಕಿವಿಗೊಟ್ಟು ನಿಲ್ಲಬೇಕು. ಇಂಜಿನ್ ಕಡೆಯ ಬಾರಿ ಕುಲುಕಿ ಸುಮ್ಮನಾದ ಮೇಲೂ ಬಾನೆಟ್ಟಿನೊಳಗಿಂದ ಸುಂಯ್ ಎಂಬ ಸಣ್ಣ ದನಿ ಕೆಲವು ಕ್ಷಣ ಉಳಿಯುತ್ತದೆ. ಟರ್ಬೊದ ಶಾಫ್ಟು ತನ್ನ ಪಾಡಿಗೆ ತಿರುಗಿ ತಿರುಗಿ ನಿಲ್ಲುವ ದನಿ ಅದು. ಮೆತ್ತಗೆ ಕರಗಿದರೆ ಬೇರಿಂಗ್ ಚೆನ್ನಾಗಿದೆ. ತಟ್ಟನೆ ಕಡಿದರೆ, ಇಲ್ಲವೇ ಕೊರೆದಂತೆ ಕೇಳಿದರೆ, ಮರುದಿನವೇ ಏರ್ ಪೈಪು ಬಿಚ್ಚಿ ಶಾಫ್ಟ್ ಹಿಡಿದು ನೋಡಬೇಕು. ಅಡ್ಡಕ್ಕೆ ತುಸು ಆಟ ಸಹಜ. ಹಿಂದಕ್ಕೂ ಮುಂದಕ್ಕೂ ಆಟ ಕೈಗೆ ತಿಳಿಯುವಷ್ಟಿದ್ದರೆ ಕೋರ್ ನಿಜಕ್ಕೂ ಮುಗಿದಿದೆ.

ಸದ್ದಿನ ವಿಚಾರದಲ್ಲಿ ಮಾತ್ರ ಪ್ಯೂಜೊ ಎಷ್ಟೋ ವಾಸಿ. ಡಿಐ ಟ್ರಾಕ್ಟರಿನಂತೆ ಬಡಿಯುತ್ತದೆ, ಕ್ಯಾನ್ವಾಸ್ ಟಾಪಿನ ಜೀಪಿನಲ್ಲಿ ಹಿಂದೆ ಕೂತವರೊಡನೆ ಕೂಗಿಯೇ ಮಾತಾಡಬೇಕು. ಡೀಸಲ್ ಲೀಟರಿಗೆ 11–12 ಕಿ.ಮೀ. ಬರುತ್ತಿದೆ. ಪಂಪಿನ ಡೀಸಲ್ ಸ್ಕ್ರೂ ತಿರುಗಿಸಿದರೆ ಇನ್ನಷ್ಟು ಎಳೆಯುತ್ತದೆ ಎಂದು ಹೇಳುವವರು ಬಹಳ. ಟರ್ಬೊಗೆ ಮುಂಚೆ, ಹೊಗೆ ಹೊರಬರುವ ಮ್ಯಾನಿಫೋಲ್ಡಿನಲ್ಲಿ ಉಷ್ಣಮಾಪಕ ಕೂರಿಸದೆ ಅದಕ್ಕೆ ಕೈ ಹಾಕಬೇಡಿ. ಉದ್ದನೆಯ ಏರಿನಲ್ಲಿ 700 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ಪಿಸ್ಟನ್ ಕರಗಿಸುವ ದಾರಿ ಅದು.

ಹಣದ ಲೆಕ್ಕ ಹಾಕುವಾಗ ಇಂಜಿನ್ನಿಗೆ ಎಷ್ಟೋ ಅಷ್ಟನ್ನೇ ಸುತ್ತಲಿನ ಸಾಮಾನಿಗೂ ಎತ್ತಿಡಿ: ಕ್ಲಚ್ ಸೆಟ್, ರೇಡಿಯೇಟರ್, ಹೋಸುಗಳು, ಸೈಲೆನ್ಸರ್, ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್, ಲೇತ್ ಕೂಲಿ. ಆರ್‌ಟಿಒ ಕೆಲಸ ಕೊನೆಗಿರಲಿ ಎಂದು ತಳ್ಳಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿನದು. ಇಂಜಿನ್ ತರುವ ಮುಂಚೆಯೇ ಅರ್ಜಿ ಹಿಡಿದು ಹೋಗಿ ಒಪ್ಪಿಗೆ ಸಿಗುತ್ತದೋ ಇಲ್ಲವೋ ಕೇಳಿಕೊಳ್ಳಿ. ಆರ್‌ಸಿಯಲ್ಲಿರುವ ಇಂಜಿನ್ ನಂಬರು ಬ್ಲಾಕಿನ ಮೇಲಿನ ನಂಬರಿಗೆ ಹೊಂದದಿದ್ದರೆ 15 ವರ್ಷ ದಾಟಿದ ಜೀಪಿನ ನವೀಕರಣಕ್ಕೆ ಹೋದಾಗ ಅಲ್ಲೇ ನಿಲ್ಲಿಸುತ್ತಾರೆ. ಬಿಲ್ಲು, ಹಳೇ ವಾಹನದ ಕಾಗದ ಇಲ್ಲದ ಇಂಜಿನ್ ಎಷ್ಟೇ ಅಗ್ಗವಾದರೂ ಬೇಡ.

ಗುಜರಿಯಲ್ಲಿ ಇಂಜಿನ್ ನೋಡುವಾಗ ಟರ್ಬೊದ ಕೆಳಗೆ ಕೈ ಹಾಕಿ ಡ್ರೇನ್ ಪೈಪು ಮುಟ್ಟಿ ನೋಡಿ. ಬಿಚ್ಚುವ ಅವಸರದಲ್ಲಿ ಅದನ್ನು ಗ್ಯಾಸ್ ಕಟ್ಟರಿನಲ್ಲಿ ಕತ್ತರಿಸಿ ಎಸೆದಿರುತ್ತಾರೆ. ಇಡಿಯಾಗಿ ಇದ್ದರೆ ಫ್ಲ್ಯಾಂಜು, ಎರಡು ಬೋಲ್ಟು ಸಮೇತ ಕೇಳಿ ತನ್ನಿ.