ಮಳೆಗಾಲಕ್ಕೆ ಪಾಂಟೂನ್ ಬೋಟು, ಔಟ್‌ಬೋರ್ಡ್ ಎಂಜಿನ್ ಎತ್ತಿಡುವಾಗ: ಯಾವ ಕ್ರಮ ಬಾಳಿತು, ಯಾವುದು ಕೈಕೊಟ್ಟಿತು

ಔಟ್‌ಬೋರ್ಡ್ ಎಂಜಿನ್ (ಬೋಟಿನ ಹಿಂಬದಿಗೆ ಹೊರಗಡೆ ಸಿಕ್ಕಿಸುವ ಎಂಜಿನ್) ಜೊತೆ ಬರುವ ಕೈಪಿಡಿಯಲ್ಲಿ ಚಳಿಗಾಲಕ್ಕೆ ಎತ್ತಿಡುವ ಅಧ್ಯಾಯವೊಂದು ಇದ್ದೇ ಇರುತ್ತದೆ. ಒಳಗಿನ ನೀರು ಹೆಪ್ಪುಗಟ್ಟಿ ಬ್ಲಾಕ್ ಒಡೆಯಬಾರದು ಎಂಬುದು ಅದರ ಮುಖ್ಯ ಚಿಂತೆ. ಮಂಗಳೂರು, ಉಡುಪಿಯಲ್ಲಿ ಆ ಚಿಂತೆ ಬೇಡ. ಇಲ್ಲಿ ಬೋಟು ದಡಕ್ಕೆ ಏರುವುದು ಮಳೆಗೆ. 10 ಎಚ್‌ಪಿಗಿಂತ ಮೇಲಿನ ಎಂಜಿನ್ ಇರುವ ಮೀನುಗಾರಿಕಾ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ನಿಷೇಧ. ಎರಡು ಅಲ್ಯೂಮಿನಿಯಂ ಕೊಳವೆಗಳ ಮೇಲೆ ಚಪ್ಪಟೆ ಡೆಕ್ ಕೂರಿಸಿದ, ಹಿನ್ನೀರಿನ ಪ್ರವಾಸಿ ಪಾಂಟೂನ್‌ಗಳಿಗೆ ಹೊಳೆ ಕೆಂಪಾಗಿ ಏರಿದ ದಿನದಿಂದಲೇ ರಜೆ. ಈ ಅವಧಿಯಲ್ಲಿ ಎಂಜಿನ್ ಹಾಳಾಗುವುದು ಚಂಡಿಯಿಂದ (ತೇವದಿಂದ), ಒಳಗೆ ಉಳಿದ ಉಪ್ಪಿನಿಂದ, ಎಥನಾಲ್ ಬೆರೆತ ಪೆಟ್ರೋಲಿನಿಂದ. ಕೆಳಗಿನ ಹೋಲಿಕೆ ಕಾರ್ಬ್ಯುರೇಟರ್ ಇರುವ ಸಣ್ಣ ಟೂ-ಸ್ಟ್ರೋಕ್ ಎಂಜಿನ್‌ಗಳದ್ದು. ಫೋರ್-ಸ್ಟ್ರೋಕ್‌ನಲ್ಲಿ ಬೇರೆ ಮಾಡಬೇಕಾದದ್ದನ್ನು ಅಲ್ಲಲ್ಲೇ ಹೇಳಿದೆ. ಕೆಲಸವೆಲ್ಲ ಪತ್ತನಾಜೆಯ (ತುಳು ಬೇಶ ತಿಂಗಳ ಹತ್ತನೇ ದಿನ, ಮೇ 24ರ ಸುಮಾರಿಗೆ) ಒಳಗೆ ಮುಗಿಯಬೇಕು. ಮೊದಲ ಮಳೆ ಬಿದ್ದ ಮೇಲೆ ಯಾವುದನ್ನೂ ಸರಿಯಾಗಿ ಒಣಗಿಸಲಿಕ್ಕಾಗದು.

ಪೆಟ್ರೋಲ್: ಖಾಲಿ ಮಾಡುವುದೋ, ಸ್ಟೆಬಿಲೈಸರ್ ಹಾಕುವುದೋ

ಅತಿ ಹೆಚ್ಚು ವ್ಯತ್ಯಾಸ ಕಂಡದ್ದು ಇಲ್ಲಿ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್. ಅದು ಗಾಳಿಯ ತೇವವನ್ನು ಹೀರುತ್ತದೆ, ನಮ್ಮ ಜೂನ್ ತಿಂಗಳಲ್ಲಿ ಹೀರಲಿಕ್ಕೆ ಬೇಕಾದಷ್ಟಿದೆ. ಎರಡು ತಿಂಗಳು ಹಾಗೇ ಬಿಟ್ಟ ಎಂಜಿನ್‌ನ ಫ್ಲೋಟ್ ಬೌಲ್ (ಕಾರ್ಬ್ಯುರೇಟರಿನ ಅಡಿಯಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಕೆಳಗಿನ ಸ್ಕ್ರೂ ಸಡಿಲಿಸಿ ಗಾಜಿನ ಲೋಟದಲ್ಲಿ ಹಿಡಿದು ನೋಡಿ. ಮೇಲೆ ಪೆಟ್ರೋಲ್, ತಳದಲ್ಲಿ ಗಂಜಿತಿಳಿಯ ಹಾಗೆ ಮಸುಕಾದ ಇನ್ನೊಂದು ಪದರ, ಅದರಡಿಯಲ್ಲಿ ಬಿಳಿ ಹುಡಿ. ಆ ಮಸುಕು ಪದರವೇ ನೀರು ಮತ್ತು ಎಥನಾಲ್. ಪೆಟ್ರೋಲಿಗೆ ಬೆರೆಸಿದ ಟೂ-ಸ್ಟ್ರೋಕ್ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನ್ ಮೊದಲು ಎಳೆದುಕೊಳ್ಳುವುದು ತಳದ್ದನ್ನು, ಅಂದರೆ ಎಣ್ಣೆಯೇ ಇಲ್ಲದ್ದನ್ನು.

ಸ್ಟೆಬಿಲೈಸರ್ (ಪೆಟ್ರೋಲ್ ಕೆಡದಂತೆ ಬೆರೆಸುವ ದ್ರವ) ಹಾಕಿದ ಎಂಜಿನ್ ಇದಕ್ಕಿಂತ ವಾಸಿ, ಆದರೆ ಎರಡು ಷರತ್ತುಗಳಿವೆ. ಹೊಸ ಪೆಟ್ರೋಲಿಗೇ ಹಾಕಬೇಕು, ಒಮ್ಮೆ ಬೇರ್ಪಟ್ಟದ್ದನ್ನು ಅದು ಕೂಡಿಸುವುದಿಲ್ಲ. ಹಾಕಿದ ಮೇಲೆ ಹತ್ತು ನಿಮಿಷವಾದರೂ ಎಂಜಿನ್ ಓಡಿಸಬೇಕು, ಇಲ್ಲವಾದರೆ ಕಾರ್ಬ್ಯುರೇಟರಿನಲ್ಲಿ ಹಳೆಯದೇ ಕೂತಿರುತ್ತದೆ.

ನಮ್ಮ ಹವೆಗೆ ಗೆದ್ದದ್ದು ಖಾಲಿ ಮಾಡುವ ಕ್ರಮ. ಕೆಳಗೆ ಹೇಳಿದ ತೊಳೆತ ಮುಗಿದ ಮೇಲೆ, ಎಂಜಿನ್‌ಗೆ ಇನ್ನೂ ನೀರು ಸಿಗುತ್ತಿರುವಾಗಲೇ ಟ್ಯಾಂಕಿನ ಪೈಪ್ ಕಳಚಿ, ಐಡಲ್‌ನಲ್ಲಿ ತಾನಾಗಿ ನಿಲ್ಲುವ ತನಕ ಓಡಲು ಬಿಡಿ. ರೇಸ್ ಕೊಡಬೇಡಿ, ಕೊನೆಯ ಕ್ಷಣಗಳಲ್ಲಿ ಇಂಧನದ ಜೊತೆ ಎಣ್ಣೆಯೂ ಮುಗಿಯುತ್ತಿರುತ್ತದೆ. ನಿಂತ ಮೇಲೂ ಬೌಲಿನಲ್ಲಿ ಒಂದು ಚಮಚದಷ್ಟು ಉಳಿದಿರುತ್ತದೆ. ಹೆಚ್ಚಿನವರು ಬಿಟ್ಟುಬಿಡುವುದು ಅದನ್ನೇ, ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟುವುದೂ ಅದರಿಂದಲೇ. ಡ್ರೈನ್ ಸ್ಕ್ರೂ ತೆಗೆದು ಅದನ್ನೂ ಇಳಿಸಿ. ಸೀಮೆಎಣ್ಣೆಯಲ್ಲಿ ಓಡುವ ನಾಡದೋಣಿ ಎಂಜಿನ್ ಆದರೆ ನಿಲ್ಲಿಸುವ ಐದು ನಿಮಿಷ ಮೊದಲೇ ಪೆಟ್ರೋಲಿಗೆ ತಿರುಗಿಸಿ, ನಂತರ ಖಾಲಿ ಮಾಡಿ. ಬೌಲಿನಲ್ಲಿ ಉಳಿದ ಸೀಮೆಎಣ್ಣೆ ಆರುವುದಿಲ್ಲ, ಆಗಸ್ಟಿನಲ್ಲಿ ಹಗ್ಗ ಎಳೆದು ಎಳೆದು ಭುಜ ಬೀಳುತ್ತದೆ.

ಇಎಫ್‌ಐ (ಕಾರ್ಬ್ಯುರೇಟರ್ ಬದಲು ಇಲೆಕ್ಟ್ರಾನಿಕ್ ಆಗಿ ಪೆಟ್ರೋಲ್ ಚಿಮ್ಮಿಸುವ) ಫೋರ್-ಸ್ಟ್ರೋಕ್‌ಗೆ ಈ ಕ್ರಮ ಸಲ್ಲದು. ಪೆಟ್ರೋಲ್ ಇಲ್ಲದೆ ಓಡಿದರೆ ಅದರ ಹೈ ಪ್ರೆಶರ್ ಪಂಪಿಗೆ ಪೆಟ್ಟು. ಅಲ್ಲಿ ಸ್ಟೆಬಿಲೈಸರೇ ಸರಿ.

ಟ್ಯಾಂಕಿನಲ್ಲಿ ಮಿಕ್ಕ ಎಣ್ಣೆ ಬೆರೆತ ಪೆಟ್ರೋಲನ್ನು ತೋಟದ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸುರಿಯುವವರಿದ್ದಾರೆ. ಬೇಡ. ಔಟ್‌ಬೋರ್ಡಿನ ಟಿಸಿ-ಡಬ್ಲ್ಯೂ3 ಎಣ್ಣೆ ನೀರಿನಿಂದ ತಂಪಾಗುವ ಎಂಜಿನ್‌ಗೆ ಮಾಡಿದ್ದು, ಗಾಳಿಯಿಂದ ತಂಪಾಗುವ ಬಿಸಿ ಎಂಜಿನ್‌ಗೆ ಅಲ್ಲ. ಕೊನೆಯ ಟ್ರಿಪ್ಪಿಗೆ ಲೆಕ್ಕ ಹಾಕಿ ತುಂಬಿಸುವುದೇ ಜಾಣತನ.

ಸಿಲಿಂಡರಿನ ಒಳಗೆ: ಫಾಗಿಂಗ್ ಸ್ಪ್ರೇಯೋ, ಚಮಚ ಎಣ್ಣೆಯೋ

ಫಾಗಿಂಗ್ ಸ್ಪ್ರೇಯನ್ನು (ಒಳಗೆ ತುಕ್ಕು ಹಿಡಿಯದಂತೆ ಹೊಡೆಯುವ ಎಣ್ಣೆ) ಎಂಜಿನ್ ಓಡುತ್ತಿರುವಾಗ ಕಾರ್ಬ್ಯುರೇಟರಿನ ಬಾಯಿಗೆ ಹೊಡೆಯಬೇಕು, ಬಿಳಿ ಹೊಗೆ ಎದ್ದು ಎಂಜಿನ್ ಉಸಿರುಗಟ್ಟುವ ತನಕ. ಆಚೆಮನೆಯವರು ಬಟ್ಟೆ ಒಣಹಾಕಿದ್ದರೆ ಮೊದಲೇ ಹೇಳಿಬಿಡಿ. ಇದರ ದೊಡ್ಡ ಗುಣವೆಂದರೆ ಎಣ್ಣೆ ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನ ಬೇರಿಂಗ್‌ಗಳಿಗೂ ತಲುಪುತ್ತದೆ.

ಚಮಚದ ಕ್ರಮ ಅಗ್ಗ: ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ 5 ಮಿ.ಲೀ. ಟಿಸಿ-ಡಬ್ಲ್ಯೂ3, ಎಂಜಿನ್ ಹತ್ತದಂತೆ ಕಿಲ್ ಸ್ವಿಚ್ಚಿನ ಹಗ್ಗ ತೆಗೆದು ಸ್ಟಾರ್ಟರ್ ಹಗ್ಗವನ್ನು ನಾಲ್ಕು ಬಾರಿ ನಿಧಾನಕ್ಕೆ ಎಳೆಯುವುದು, ಪ್ಲಗ್ ಮರಳಿ ಹಾಕುವುದು. ಸಿಲಿಂಡರ್ ಗೋಡೆ ಚೆನ್ನಾಗಿಯೇ ಉಳಿಯುತ್ತದೆ, ಆದರೆ ಕ್ರ್ಯಾಂಕಿನ ಬೇರಿಂಗಿಗೆ ಏನೂ ಸಿಗುವುದಿಲ್ಲ. ಈ ಕೊರತೆಗೆ ಒಂದು ಉಪಾಯ: ಕೊನೆಯ ಎರಡು ಲೀಟರ್ ಪೆಟ್ರೋಲಿಗೆ ಲೀಟರಿಗೆ 20 ಮಿ.ಲೀ. ಬದಲು 40 ಮಿ.ಲೀ. ಎಣ್ಣೆ ಬೆರೆಸಿ ಓಡಿಸಿ, ಆಮೇಲೆ ಚಮಚದ ಕೆಲಸ ಮಾಡಿ. ಎರಡನ್ನೂ ಕೂಡಿಸಿದಾಗ ಸ್ಪ್ರೇಗೂ ಇದಕ್ಕೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಸ್ಪ್ರೇ ಸಿಗದಿದ್ದರೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಹದಿನೈದು ದಿನಕ್ಕೊಮ್ಮೆ, ಕಿಲ್ ಸ್ವಿಚ್ ತೆಗೆದೇ ಇಟ್ಟು, ಹಗ್ಗವನ್ನು ಅರ್ಧ ಸುತ್ತು ಎಳೆದು ಬಿಡಿ. ಫ್ಲೈವೀಲನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಬಾರದು. ವಾಟರ್ ಪಂಪಿನ ರಬ್ಬರ್ ಎಸಳುಗಳು ಅಡಿಮೇಲಾಗಿ ಮಡಚಿಕೊಳ್ಳುತ್ತವೆ.

ಫೋರ್-ಸ್ಟ್ರೋಕ್‌ನಲ್ಲಿ ಎಂಜಿನ್ ಆಯಿಲ್ ಬದಲಿಸಬೇಕಾದದ್ದು ಎತ್ತಿಡುವ ಮೊದಲು. ಹಳೆ ಎಣ್ಣೆಯ ಆಮ್ಲ, ನೀರು ಎರಡು ತಿಂಗಳು ಬೇರಿಂಗಿನ ಮೇಲೆ ಕೂತರೆ ಸೀಸನ್ ಶುರುವಿಗೆ ಬದಲಿಸಿ ಏನು ಬಂತು?

ತೊಳೆಯುವುದು: ಮಫ್ ಮತ್ತು ಡ್ರಮ್

ಮಫ್ (ಎಂಜಿನ್ ನೀರೆಳೆಯುವ ತೂತುಗಳಿಗೆ ಒತ್ತಿ ಕೂರಿಸಿ ಪೈಪ್ ಜೋಡಿಸುವ ರಬ್ಬರ್ ಬಟ್ಟಲು) ಹಾಕಿ ತೊಳೆಯುವುದು ಸುಲಭ, ಆದರೆ ಒಂದಂತಸ್ತಿನ ಮನೆಯ ಟ್ಯಾಂಕಿನಿಂದ ಬರುವ ಒತ್ತಡ ಸಾಲದು. ಕುರುಹು ನೀರಿನ ತೂತಿನಿಂದ (ಒಳಗೆ ತಂಪಿನ ನೀರು ಹರಿಯುತ್ತಿದೆ ಎಂದು ತೋರಿಸಲು ನೀರು ಹೊರಚಿಮ್ಮುವ ತೂತು) ದಾರದಂತೆ ತೆಳ್ಳಗೆ ಬಂದರೆ ಕೂಡಲೇ ನಿಲ್ಲಿಸಿ. ಕತ್ತರಿಸಿದ 200 ಲೀಟರ್ ಡ್ರಮ್ಮೇ ಭರವಸೆಯದು. ಪ್ರೊಪೆಲ್ಲರ್ ಕಳಚಿಡಿ, ಅದರ ಮೇಲಿನ ಅಗಲ ತಟ್ಟೆ ಮುಳುಗುವಷ್ಟು ನೀರಿರಲಿ, ಐದು ನಿಮಿಷ ಆದ ಮೇಲೆ ನೀರು ಬದಲಿಸಿ ಇನ್ನೊಂದು ಹತ್ತು ನಿಮಿಷ ಓಡಿಸಿ. ಬದಲಿಸದಿದ್ದರೆ ಹೊರಬಂದ ಉಪ್ಪೇ ಮತ್ತೆ ಒಳಗೆ ಹೋಗುತ್ತದೆ. ಎಂಜಿನ್ ಬಿಸಿಯಾಗಿ ಥರ್ಮೋಸ್ಟ್ಯಾಟ್ ತೆರೆದ ಮೇಲೆಯೇ ಬ್ಲಾಕಿನ ಒಳಗೆ ನೀರು ಸರಿಯಾಗಿ ಹರಿಯುವುದು, ಹಾಗಾಗಿ ಎರಡು ನಿಮಿಷದ ತೊಳೆತ ಲೆಕ್ಕಕ್ಕಿಲ್ಲ. ಮೇ ತಿಂಗಳಲ್ಲಿ ಕಡಲತಡಿಯ ಬಾವಿ ನೀರು ಉಪ್ಪಾಗಿರಬಹುದು, ಮೊದಲು ನಾಲಿಗೆಗೆ ಹಚ್ಚಿ ನೋಡಿ.

ಗೇರ್ ಆಯಿಲ್ ವಿಚಾರದಲ್ಲಿ ಹೋಲಿಸಲಿಕ್ಕೆ ಏನೂ ಇಲ್ಲ, ಬದಲಿಸಲೇಬೇಕು. ಗೇರ್ ಪೆಟ್ಟಿಗೆಯ ಕೆಳಗಿನ ಸ್ಕ್ರೂ ಮೊದಲು ತೆಗೆಯಿರಿ, ನಂತರ ಮೇಲಿನದು. ಇಳಿದದ್ದು ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಸೀಲ್ ಹೋಗಿದೆ. ಪ್ರೊಪೆಲ್ಲರ್ ಹಿಂದಿನ ವಾಷರ್ ತೆಗೆದು ನೋಡಿ, ಗಾಳದ ನೈಲಾನ್ ದಾರ ಸುತ್ತಿಕೊಂಡು ಸೀಲನ್ನು ಕೊಯ್ದಿರುತ್ತದೆ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ ಒತ್ತಿ ಏರಿಸಿ, ಮೇಲಿನಿಂದ ಗುಳ್ಳೆಯಿಲ್ಲದೆ ಹೊರಬಂದಾಗ ಮೊದಲು ಮೇಲಿನದನ್ನು ಮುಚ್ಚಿ. ಸ್ಕ್ರೂಗಳ ಗ್ಯಾಸ್ಕೆಟ್ ಹೊಸದೇ ಆಗಲಿ.

ಸವರಲಿಕ್ಕೆ ಏನು

ತೆಂಗಿನೆಣ್ಣೆ ಮನೆಯಲ್ಲೇ ಇದೆ, ಬೋಲ್ಟುಗಳಿಗೆ ಸವರುವವರು ಬೇಕಾದಷ್ಟು. ಕಬ್ಬಿಣದ ಮೇಲೆ ಕೆಲವು ವಾರ ತಡೆಯುತ್ತದೆ. ಹಿತ್ತಾಳೆ, ತಾಮ್ರದ ಮೇಲೆ ಮಾತ್ರ ಹಸಿರು ಪೇಸ್ಟ್ ಕಟ್ಟಿಕೊಳ್ಳುತ್ತದೆ, ಬ್ಯಾಟರಿ ಟರ್ಮಿನಲ್ಲಿಗೆ ಅಂತೂ ಹಚ್ಚಲೇಬಾರದು. ನೀರು ಓಡಿಸುವ ತೆಳು ಸ್ಪ್ರೇ ಆ ದಿನದ ಚಂಡಿ ತೆಗೆಯಲಿಕ್ಕೆ ಚೆಂದ, ಆದರೆ ಅದರ ಪದರ ನಮ್ಮ ಜುಲೈ ತನಕ ನಿಲ್ಲದು. ಶಾಫ್ಟ್, ಸ್ಟೀರಿಂಗ್, ಕ್ಲಾಂಪ್ ಸ್ಕ್ರೂಗಳಿಗೆ ಮರೈನ್ ಗ್ರೀಸಿಗೆ ಸಾಟಿ ಬೇರೆ ಇಲ್ಲ.

ನಿಲ್ಲಿಸುವುದೋ, ಮಲಗಿಸುವುದೋ

ಮರದ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ, ನೀರೆಲ್ಲ ತಾನಾಗಿ ಇಳಿಯುತ್ತದೆ. ಮಲಗಿಸಲೇಬೇಕಾದರೆ ಒಂದು ದಿನ ನಿಲ್ಲಿಸಿ ಬಸಿದ ಮೇಲೆ, ತಲೆಭಾಗ ಎತ್ತರದಲ್ಲಿರುವಂತೆ ಮಲಗಿಸಿ. ತಲೆ ತಗ್ಗಿದರೆ ಉಳಿದ ನೀರು ಎಕ್ಸಾಸ್ಟ್ ದಾರಿಯಿಂದ ಸಿಲಿಂಡರಿಗೆ ಹೋಗುತ್ತದೆ. ಬೋಟಿನಲ್ಲೇ ಮೇಲೆತ್ತಿ ಬಿಡುವುದು ಮೂರರಲ್ಲಿ ಕೆಟ್ಟದ್ದು. ಪ್ರೊಪೆಲ್ಲರ್ ಗುಂಡಿಯಲ್ಲಿ ಮಳೆನೀರು ನಿಂತು ಸೊಳ್ಳೆ ಮರಿ ಮಾಡುತ್ತದೆ, ಕುರುಹು ತೂತಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ.

ಬೋಟು: ಹೊಳೆಯಲ್ಲೋ, ದಡದಲ್ಲೋ

ಸುವರ್ಣಾ, ಶಾಂಭವಿಯಂಥ ಹೊಳೆಗಳ ಅಳಿವೆಯ ಕಡೆ ಪಾಂಟೂನನ್ನು ಕಟ್ಟಿಯೇ ಬಿಡುವುದಕ್ಕೆ ಒಂದು ಲಾಭ ಇದೆ: ಮಳೆಗೆ ನೀರು ಸಿಹಿಯಾದಾಗ ಕೊಳವೆಗೆ ಅಂಟಿದ ಬಾರ್ನಕಲ್ (ಚಿಪ್ಪಿನ ಕಡಲಜೀವಿ) ಸಾಯುತ್ತದೆ, ಕೆರೆಯುವುದು ಹಗುರ. ಆದರೆ ನೆರೆಗೆ ತೇಲಿ ಬರುವ ಒಂದು ತೆಂಗಿನ ಮರ ಆ ಲಾಭವನ್ನೆಲ್ಲ ಮುಗಿಸುತ್ತದೆ. ದಡಕ್ಕೇ ಏರಿಸಿ. ಅಲ್ಯೂಮಿನಿಯಂ ಕೊಳವೆಯನ್ನು ಮರದ ಅಥವಾ ಪ್ಲಾಸ್ಟಿಕ್ ಸ್ಕ್ರೇಪರಿನಿಂದಲೇ ಕೆರೆಯಿರಿ. ಸ್ಟೀಲ್ ಬ್ರಶ್ಶಿನ ಕಣ ಸಿಕ್ಕಿಕೊಂಡಲ್ಲಿ ಮುಂದೆ ಗುಳಿ ಬೀಳುತ್ತದೆ. ತಾಮ್ರ ಇರುವ ಪೇಂಟೂ ಬೇಡ. ಡೆಕ್ಕಿನ ಅಡ್ಡಪಟ್ಟಿಗಳು ಕೊಳವೆಗೆ ಸೇರುವ ಜಾಗದ ಕೆಳಗೆ ದಿಮ್ಮಿ ಕೊಡಿ, ಹಿಂಭಾಗ ನಾಲ್ಕು ಬೆರಳು ತಗ್ಗಿರಲಿ, ಡ್ರೈನ್ ಪ್ಲಗ್ ತೆಗೆದು ಸ್ಟೀರಿಂಗಿಗೆ ಕಟ್ಟಿಡಿ.

ಸಿಲ್ಪಾಲಿನ್ ಸುತ್ತಿ ಬಿಗಿದ ಬೋಟು ಹೊರಗಿನಿಂದ ನೋಡಲಿಕ್ಕೆ ಚೆಂದ. ಬಿಚ್ಚಿದಾಗ ಸೀಟಿಗೆಲ್ಲ ಬೂಸ್ಟು, ವಯರಿನ ತುದಿಗಳಿಗೆ ಕಿಲುಬು. ಅದೇ ಸಿಲ್ಪಾಲಿನನ್ನು ನಡುವೆ ಬಿದಿರು ಕಟ್ಟಿ ಮನೆಯ ಮಾಡಿನಂತೆ ಇಳಿಜಾರಾಗಿ ಹಾಕಿ, ಎರಡು ಬದಿಯೂ ತೆರೆದು ಬಿಟ್ಟದ್ದರಲ್ಲಿ ಬೂಸ್ಟು ತೀರಾ ಕಡಿಮೆ. ಇರಿಚಲು ಹೊಡೆಯುವ ಪಡುವಣ ಬದಿಗೆ ಮಾತ್ರ ಮಡಲಿನ ತಟ್ಟಿ ಕಟ್ಟಿದರೆ ಸಾಕು. ಸೀಟು, ಬ್ಯಾಟರಿ ಮನೆಯೊಳಗಿರಲಿ, ಬ್ಯಾಟರಿ 12.4 ವೋಲ್ಟಿಗೆ ಇಳಿದರೆ ಚಾರ್ಜ್ ಮಾಡಿ.

ಮತ್ತೆ ಇಳಿಸುವ ದಿನ ಕುರುಹು ತೂತಿಗೆ ನೈಲಾನ್ ದಾರ ತೂರಿಸಿ ನೋಡಿ. ಹೊಸ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿ. ಸಿಲಿಂಡರಿನ ಎಣ್ಣೆ ಉರಿದು ಐದು ನಿಮಿಷ ಹೊಗೆ ಬರುವುದು ಸಹಜ, ಅದು ನಿಂತ ಮೇಲೆ ಎಣ್ಣೆ ಹಿಡಿದ ಹಳೆ ಪ್ಲಗ್ ತೆಗೆದು ಹೊಸದು ಹಾಕಿ.